ಕುಂಕುಮದ ತುದಿ, ಭಂಡಾರದ ತುದಿ

ಮೊನ್ನೆ ಮೊಬೈಲಿನ ಚಾರ್ಜರ್ ಸುಟ್ಟುಹೋಯಿತು. ಟಪ್ ಅಂತ ಸಣ್ಣ ಸಪ್ಪಳ, ಅದರ ಹಿಂದೆಯೇ ಆ ವಾಸನೆ. ಅಡುಗೆಮನೆಯಿಂದ ಓಡಿ ಬಂದು ಸ್ವಿಚ್ ಆರಿಸಿದೆ, ಕಿಟಕಿ ತೆಗೆದೆ, ಸೆರಗಿನಿಂದ ಗಾಳಿ ಹಾಕಿದೆ. ಹೋಗಲಿಲ್ಲ. ಹಾಳಾಗಿ ಹೋಗಲಿ ಎಂದು ಕುರ್ಚಿಯ ಮೇಲೆ ಕೂತುಬಿಟ್ಟೆ. ಕಣ್ಣ ಮುಂದೆ ಬಂದದ್ದು ಬ್ಯಾಡಗಿಯ ನಮ್ಮ ಮನೆಯ ಅಂಗಳ, ಬಾನೆಟ್ ಎತ್ತಿ ನಿಂತ ಹಳೇ ಅಂಬಾಸಡರ್, ಅದರ ಮುಂದೆ ಸ್ಕ್ರೂಡ್ರೈವರ್ ಹಿಡಿದು ಪೆಚ್ಚು ಮೋರೆ ಹಾಕಿಕೊಂಡು ನಿಂತ ನಾನು.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಾಗ ಬ್ಯಾಡಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಹಾಗಾಗಿ ಎಲ್ಲರಿಗೂ ಅಕ್ಕೋರು. ನಮ್ಮ ಮನಿಯವರು ತಾಲೂಕು ಕಚೇರಿಯಲ್ಲಿದ್ದರು. ಮಕ್ಕಳಿಲ್ಲ, ಮನೆಯಲ್ಲಿ ನಾವಿಬ್ಬರೇ. ಆ ವರ್ಷ ದಸರೆಯ ಹೊತ್ತಿಗೆ ಅವರ ಎರಡೂ ಕಿಡ್ನಿ ಕೈಬಿಟ್ಟವು. ವಾರಕ್ಕೆ ಎರಡು ಸಲ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು, ಒಂದು ಸಲ ತಪ್ಪಿದರೂ ನೀರು ಎದೆಗೆ ಏರುತ್ತದೆ ಎಂದು ಡಾಕ್ಟರು ಹೇಳಿದರು. ನಮಗೆ ಸಿಕ್ಕ ಪಾಳಿ ಸೋಮವಾರ ಮತ್ತು ಗುರುವಾರ, ಮುಂಜಾನೆ ಹನ್ನೊಂದಕ್ಕೆ. ತಡವಾದರೆ ಮಷಿನ್ನು ಬೇರೆಯವರ ಪಾಲು.

ಸೋಮವಾರ, ಗುರುವಾರ ಅಂದರೆ ಏನೆಂದು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. ಅವೆರಡೇ ಮೆಣಸಿನಕಾಯಿ ಪೇಟೆಯ ದಿನ. ಸುಗ್ಗಿಯಲ್ಲಿ ಆ ಎರಡು ದಿನ ಊರಿನ ಜೀಪು, ಟೆಂಪೊ, ಟ್ಯಾಕ್ಸಿ ಒಂದೂ ನಮ್ಮಂಥವರ ಕೈಗೆ ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ ಒಮ್ಮೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಅವರು ಹರಿಹರದಿಂದ ನನ್ನ ಹೆಗಲ ಮೇಲೆ ತಲೆಯಿಟ್ಟವರು ಮೋಟೆಬೆನ್ನೂರು ಬಂದರೂ ಎತ್ತಲಿಲ್ಲ. ಅವತ್ತೇ ಬಸ್ಸಿನ ಮಾತು ಮುಗಿಯಿತು.

ಉಳಿದದ್ದು ಮಾವನವರ ಅಂಬಾಸಡರ್ ಒಂದೇ. ಪೆಟ್ರೋಲ್ ಗಾಡಿ, ಬಹಳ ಹಳೆಯದು. ಮಾವನವರೇ ನನಗೆ ಹೈಸ್ಕೂಲ್ ಮೈದಾನದಲ್ಲಿ ಅದನ್ನು ಕಲಿಸಿದ್ದರು. ಮನಿಯವರು ಮಾತ್ರ ಸ್ಟೇರಿಂಗ್ ಮುಟ್ಟಲಿಲ್ಲ. 'ಒಂದ ಮನ್ಯಾಗ ಇಬ್ರು ಡ್ರೈವರ್ ಇದ್ರ ಕುಂದ್ರಾವ್ರು ಯಾರು?' ಅನ್ನುತ್ತಿದ್ದರು. ಹಾಗೆ ಕೂತೇ ಜೀವನ ಕಳೆದ ಮನುಷ್ಯ, ಆ ವರ್ಷ ಕೂರಲಿಕ್ಕೂ ತ್ರಾಣವಿಲ್ಲದೆ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬರುವಂತಾಯಿತು.

ಗಾಡಿ ಕೊಂಡ ದಿನ ಮಾವನವರು ಅದನ್ನು ಮೊದಲು ದೇವರಗುಡ್ಡಕ್ಕೆ ಒಯ್ದು, ಮೈಲಾರಲಿಂಗನ ಭಂಡಾರ ಹಚ್ಚಿಸಿಕೊಂಡು ಬಂದರಂತೆ. ಭಂಡಾರ ಅಂದರೆ ಅಲ್ಲಿಯ ಪ್ರಸಾದದ ಅರಿಷಿಣ ಪುಡಿ. ಅಂದಿನಿಂದ ಬ್ಯಾಟರಿ ಬದಲಿಸಿದಾಗಲೆಲ್ಲ ಅದರ ಒಂದು ತುದಿಗೆ ಭಂಡಾರ, ಇನ್ನೊಂದು ತುದಿಗೆ ಕುಂಕುಮ ಹಚ್ಚುವುದು ಪದ್ಧತಿಯಾಯಿತು. ಮಾವನವರು ಹೋದ ಮೇಲೂ ಅದನ್ನು ತಪ್ಪದೆ ನಡೆಸಿಕೊಂಡು ಬಂದವರು ರಾಣೆಬೆನ್ನೂರಿನ ಮೆಕ್ಯಾನಿಕ್ ಹುಸೇನಸಾಬರು. ಗ್ರೀಸಿನ ಮೇಲೆ ಕುಂಕುಮ, ಕುಂಕುಮದ ಮೇಲೆ ಗ್ರೀಸು, ಹೀಗೆ ಮೆತ್ತಿ ಮೆತ್ತಿ ಬ್ಯಾಟರಿಯ ಮೇಲಿನ ಅಕ್ಷರ, ಗುರುತು ಯಾವುದೂ ಕಾಣುತ್ತಿರಲಿಲ್ಲ. ಕೆಂಪು ಬೊಟ್ಟು, ಹಳದಿ ಬೊಟ್ಟು, ಅಷ್ಟೇ.

ಹುಸೇನಸಾಬರ ಗ್ಯಾರೇಜು ನಾವು ದಾವಣಗೆರೆಗೆ ಹೋಗುವ ಹೆದ್ದಾರಿ, ಪಿ.ಬಿ. ರೋಡಿನ ಮಗ್ಗುಲಿಗೇ ಇತ್ತು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಸಪ್ಪಳದಿಂದ ಗುರುತು ಹಿಡಿಯುವ ಮನುಷ್ಯ. ಅವರು ಮುಖ್ಯವಾಗಿ ನೋಡುತ್ತಿದ್ದದ್ದು ಪಾಯಿಂಟು. ಹಳೇ ಪೆಟ್ರೋಲ್ ಗಾಡಿಯಲ್ಲಿ, ಡಿಸ್ಟ್ರಿಬ್ಯೂಟರ್ ಎಂಬ ಭಾಗದೊಳಗೆ, ಎರಡು ಪುಟ್ಟ ಲೋಹದ ಗುಂಡಿಗಳಿರುತ್ತವೆ. ಇಂಜಿನ್ ತಿರುಗಿದಂತೆ ಅವು ಕೂಡುತ್ತವೆ, ಬಿಡುತ್ತವೆ. ಬಿಟ್ಟಾಗೊಮ್ಮೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅವುಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಡಿ ಕೆಮ್ಮುತ್ತದೆ, ಇನ್ನಷ್ಟಾದರೆ ನಿಲ್ಲುತ್ತದೆ. ಆ ಸಂದು ಅಳೆಯಲು ಕಂಪನಿಯ ಉಕ್ಕಿನ ಪಟ್ಟಿ ಬರುತ್ತದೆ. ಹುಸೇನಸಾಬರು ಅದನ್ನು ಎಂದೂ ಮುಟ್ಟಿದವರಲ್ಲ. ನಮ್ಮ ಮದುವೆಯಲ್ಲಿ ಮಾವನವರು ಇದೇ ಗಾಡಿಯಲ್ಲಿ ಊರೂರು ತಿರುಗಿ ಲಗ್ನಪತ್ರಿಕೆ ಹಂಚಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಉಳಿದ ಒಂದು ಪತ್ರಿಕೆಯನ್ನು ಹುಸೇನಸಾಬರು ಬೆರಳಗಲ ಕತ್ತರಿಸಿ, ಪಾಯಿಂಟಿನ ನಡುವೆ ಇಟ್ಟು ನೋಡಿ, 'ದಪ್ಪ ಬರೋಬ್ಬರಿ ಐತಿ' ಎಂದು ಅದನ್ನೇ ಕಾಯಂ ಮಾಡಿಕೊಂಡರು. ಆ ತುಂಡಿನ ಮೇಲೆ ಸುಲೋಚನಾ ಎಂಬ ನನ್ನ ಹೆಸರಿನ 'ಲೋಚನಾ' ಮಾತ್ರ ಉಳಿದಿತ್ತು. 'ಅಂತೂ ನಿನ್ನ ಹೆಸರಿಲ್ಲದ ಗಾಡಿ ಹೊಂಡೂದಿಲ್ಲ ನೋಡು' ಎಂದು ಮನಿಯವರು ನನ್ನನ್ನು ಕಾಡುತ್ತಿದ್ದರು.

ಕಾರ್ತೀಕ, ಮಾರ್ಗಶಿರ ಹೇಗೋ ಸಾಗಿದವು. ಸಂಕ್ರಾಂತಿ ದಾಟಿ ಮೆಣಸಿನಕಾಯಿ ಪೇಟೆ ಏರಿತು. ಮುಂಜಾನೆ ಏಳಕ್ಕೇ ಲಾರಿಗಳ ಸಾಲು, ಗಾಳಿಯಲ್ಲಿ ಘಾಟು. ಮನಿಯವರಿಗೆ ಕೆಮ್ಮು ಬಂದರೆ ನಿಲ್ಲದು. ಮುಖಕ್ಕೆ ಒದ್ದೆ ಟವೆಲ್ ಮುಚ್ಚಿ ಗಾಡಿಗೆ ಹತ್ತಿಸುತ್ತಿದ್ದೆ. ಮೋಟೆಬೆನ್ನೂರಿನಿಂದ ಮುಂದೆ ನಾಲ್ಕು ಪಟ್ಟಿಯ ರಸ್ತೆ ಮಾಡುವ ಕೆಲಸ ನಡೆದಿತ್ತು. ಅರ್ಧ ದಾರಿ ಡೈವರ್ಶನ್, ಉಳಿದರ್ಧ ಧೂಳು. ಹೋಗಲು ಎರಡು ತಾಸು, ಅಲ್ಲಿ ನಾಲ್ಕು ತಾಸು, ಬರಲು ಎರಡು ತಾಸು. ಮರುದಿನ ಒಂಬತ್ತನೇ ತರಗತಿಗೆ ವಿದ್ಯುತ್ ಪಾಠ. ಬೋರ್ಡಿನ ಮೇಲೆ ಬ್ಯಾಟರಿಯ ಚಿತ್ರ ಬರೆದು, 'ಕೆಂಪು ತಂತಿ ಪ್ಲಸ್, ಕರಿ ತಂತಿ ಮೈನಸ್' ಎಂದು ಹೇಳುತ್ತಲೇ ಸೀಮೆಸುಣ್ಣ ಹಿಡಿದುಕೊಂಡು ನಿಂತಲ್ಲೇ ತೂಕಡಿಸಿದ್ದೂ ಉಂಟು. ಹುಡುಗಿಯರು ಪಾಪ, ನಗದೆ ಕೂತಿರುತ್ತಿದ್ದರು.

ಅದೇ ಹೊತ್ತಿಗೆ ಗಾಡಿ ತೊಂದರೆ ಕೊಡಲು ಶುರು ಮಾಡಿತು. ಮೊದಲೆಲ್ಲ ಹುಸೇನಸಾಬರು ಒಮ್ಮೆ ಪಾಯಿಂಟ್ ಕೂಡ್ರಿಸಿದರೆ ತಿಂಗಳುಗಟ್ಟಲೆ ಕೇಳುವಂತಿರಲಿಲ್ಲ. ಈಗ ಸೋಮವಾರ ಮಾಡಿದ್ದು ಗುರುವಾರಕ್ಕೆ ಹೋಗುತ್ತಿತ್ತು. ಒಂದು ಗುರುವಾರ, ವಾಪಸು ಬರುವಾಗ, ರಾಣೆಬೆನ್ನೂರು ದಾಟಿದ ಮೇಲಿನ ಡೈವರ್ಶನ್ನಿನಲ್ಲಿ ಗಾಡಿ ನಿಂತೇಬಿಟ್ಟಿತು. ಬಿಸಿಲು ರಣಗುಡುತ್ತಿತ್ತು. ಡಯಾಲಿಸಿಸ್ ಆದ ದಿನ ಅವರಿಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕಾಲು ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, 'ಅವಸರ ಮಾಡಬ್ಯಾಡ, ಸಾವಕಾಶ ನೋಡು' ಅಂತ ನನಗೇ ಸಮಾಧಾನ ಹೇಳುತ್ತಿದ್ದರು. ಅದನ್ನು ಕೇಳಲಾಗಲಿಲ್ಲ ನನಗೆ. ಲಾರಿಯವನೊಬ್ಬ ಹಗ್ಗ ಕಟ್ಟಿ ರಾಣೆಬೆನ್ನೂರಿಗೆ ತಿರುಗಿ ಎಳೆದು ತಂದ.

ಹುಸೇನಸಾಬರು ಬಾನೆಟ್ ಎತ್ತಿದರು. ಅವತ್ತು ಮೊದಲ ಸಲ ನಾನು ಅವರ ಕೈ ನೋಡಿದೆ. ಸ್ಕ್ರೂ ಹಿಡಿದ ಬೆರಳು ನಡುಗುತ್ತಿದ್ದವು. ಲಗ್ನಪತ್ರಿಕೆಯ ತುಂಡು ಎರಡು ಸಲ ಕೆಳಗೆ ಬಿತ್ತು. ಎತ್ತಿಕೊಂಡು, ಕಣ್ಣು ಕಿರಿದು ಮಾಡಿ, ಮತ್ತೆ ಇಟ್ಟರು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ತಾಸು ಹಿಡಿಯಿತು. ನಾನು ನೋಡಿಯೂ ನೋಡದವಳಂತೆ ರಸ್ತೆಯ ಕಡೆಗೆ ಮುಖ ಮಾಡಿ ನಿಂತೆ.

ಆ ಶನಿವಾರ ಶಾಲೆಯ ಕೆಲಸಕ್ಕೆ ಹಾವೇರಿಗೆ ಹೋದವಳು ಅಲ್ಲಿಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಪಾಯಿಂಟ್ ಕೇಳಿದೆ. ಅಂಗಡಿಯವ ನಕ್ಕ. 'ಇನ್ನೂ ಪಾಯಿಂಟ್ ತಗೊಂಡು ಏನ್ಮಾಡ್ತೀರಿ ಅಕ್ಕೋರ? ಈಗ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಬಂದೈತ್ರಿ. ಪಾಯಿಂಟ್ ತಗದು ಇದನ್ನ ಕೂಡ್ರಸ್ರಿ. ತಿಕ್ಕೋದಿಲ್ಲ, ಸಂದು ನೋಡೋದಿಲ್ಲ, ಮರತುಬಿಡ್ರಿ.'

ಮರೆತುಬಿಡಿ ಅಂದನಲ್ಲ, ಆ ಒಂದು ಮಾತಿಗೇ ತೆಗೆದುಕೊಂಡೆ. ಅವತ್ತು ನಾನು ಮರೆಯಲು ಏನಾದರೂ ಒಂದು ಸಿಕ್ಕರೆ ಸಾಕು ಎನ್ನುವಂತಿದ್ದೆ.

ಆದರೆ ಹುಸೇನಸಾಬರಿಗೆ ಹೇಗೆ ಹೇಳುವುದು? ನಿಮ್ಮ ಕೈ ಕೆಲಸಕ್ಕೆ ಬರುವುದಿಲ್ಲ, ಅದಕ್ಕೇ ಡಬ್ಬಿ ತಂದೆ ಅನ್ನಲೇ? ಮಾವನವರಿದ್ದಾಗಿನಿಂದ ನಮ್ಮ ಮನೆಗೆ ಬಂದುಹೋಗುವ ಮನುಷ್ಯ. ರಂಜಾನಿಗೆ ಅವರ ಮನೆಯ ಸುರಕುಂಬಾ ಪಾಯಸ ನಮ್ಮಲ್ಲಿಗೆ ಬರಬೇಕು, ಪಂಚಮಿಯ ಉಂಡಿ ಅವರಲ್ಲಿಗೆ ಹೋಗಬೇಕು. ಹೇಳುವುದೇ ಬೇಡ, ನಾನೇ ಹಾಕಿಬಿಡುತ್ತೇನೆ ಎಂದುಕೊಂಡೆ. ವಿಜ್ಞಾನ ಕಲಿಸುವವಳು, ಎರಡು ತಂತಿ ಜೋಡಿಸಲಾರೆನೇ? ಸೊಕ್ಕು ಅನ್ನಿ, ದಣಿವು ಅನ್ನಿ. ನನಗೆ ಈಗಲೂ ಅವೆರಡರ ನಡುವೆ ಗೆರೆ ಎಳೆಯಲು ಬರುವುದಿಲ್ಲ.

ಭಾನುವಾರ ಮುಂಜಾನೆ ಕೆಲಸ ಹಿಡಿದೆ. ಮನಿಯವರು ಪಡಸಾಲೆಯ ಹೊರಸಿನ ಮೇಲೆ ಒರಗಿ ನೋಡುತ್ತಿದ್ದರು. ಪಾಯಿಂಟ್ ಬಿಚ್ಚಿದೆ, ಅದರ ಜಾಗದಲ್ಲಿ ಕಿಟ್ಟಿನ ತುಣುಕು ಕೂಡಿಸಿದೆ, ಪುಟ್ಟ ಡಬ್ಬಿಯನ್ನು ಬದಿಗೆ ಬಿಗಿದೆ. ಡಬ್ಬಿಯಿಂದ ಎರಡು ತಂತಿ ಬ್ಯಾಟರಿಯ ಕಡೆಗೆ ಹೋಗಬೇಕು. ಕೆಂಪು ಪ್ಲಸ್ಸಿಗೆ, ಕರಿಯದು ಮೈನಸ್ಸಿಗೆ ಎಂದು ಕಾಗದದಲ್ಲಿ ಬರೆದಿತ್ತು. ಬ್ಯಾಟರಿ ನೋಡಿದೆ. ಕುಂಕುಮದ ತುದಿ ಕೆಂಪಗೆ ಕಾಣುತ್ತಿತ್ತು. ಕೆಂಪು ಅಂದರೆ ಪ್ಲಸ್. ಎಷ್ಟು ವರ್ಷದಿಂದ ಹೇಳುತ್ತ ಬಂದ ಪಾಠ! ಕೆಂಪು ತಂತಿ ಕುಂಕುಮಕ್ಕೆ, ಕರಿ ತಂತಿ ಭಂಡಾರಕ್ಕೆ ಬಿಗಿದು, ಕೈ ಒರೆಸಿಕೊಂಡು, ಚಾವಿ ತಿರುಗಿಸಿದೆ.

ಟಪ್ ಎಂದಿತು. ಡಬ್ಬಿಯಿಂದ ಎಳೆ ಹೊಗೆ ಬಂತು, ಆಮೇಲೆ ವಾಸನೆ.

ಪಡಸಾಲೆಯಿಂದ ಅವರ ದನಿ: 'ಪ್ಲಸ್ ಮೈನಸ್ ಪಾಠ ಮುಗೀತೇನು ಅಕ್ಕೋರ?'

ನಗಬೇಕಿತ್ತು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಇಡೀ ಭಾನುವಾರ ಪಾಯಿಂಟನ್ನು ತಿರುಗಿ ಹಾಕಲು ಹೆಣಗಿದೆ. ಇಂಜಿನ್ ಒಮ್ಮೆಯೂ ಹತ್ತಲಿಲ್ಲ. ಟ್ಯಾಕ್ಸಿಯವರಿಬ್ಬರನ್ನು ಕೇಳಿದೆ. 'ನಾಳೆ ಪ್ಯಾಟಿ ಐತಲ್ರಿ' ಅಂದರು. ಸಂಜೆಗೆ ಮನಿಯವರ ಕಾಲು ಬಾತುಕೊಂಡವು, ಮಲಗಿದರೆ ಉಸಿರು ಸಿಗದೆ ಎದ್ದು ಕೂತರು. 'ಹುಸೇನಗ ಫೋನ್ ಹಚ್ಚು' ಅಂದರು. ಯಾವ ಮೋರೆ ಇಟ್ಟುಕೊಂಡು ಹಚ್ಚಲಿ ಎಂದು ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ. ಸೋಮವಾರ ಬೆಳಗಾಗುತ್ತಲೇ ಗ್ಯಾರೇಜಿನ ಪಕ್ಕದ ಚಹದಂಗಡಿಗೆ ಫೋನ್ ಮಾಡಿ, ಹುಸೇನಸಾಬರನ್ನು ಕರೆಸಿ, 'ಗಾಡಿ ಹತ್ತವಲ್ದು, ಲಗೂ ಬರ್ರಿ' ಅಂದೆ. ಯಾಕೆಂದು ಹೇಳಲಿಲ್ಲ.

ಏಳೂವರೆಯ ಬಸ್ಸಿಗೆ ಇಳಿದು ಬಂದರು. ಬಾನೆಟ್ ಎತ್ತಿದರು. ಸುಟ್ಟ ಡಬ್ಬಿ ಅಲ್ಲಿಯೇ ಇತ್ತು. ಅದರ ತಂತಿಯ ಗುಂಟ ಬ್ಯಾಟರಿಯವರೆಗೆ ಬೆರಳು ಒಯ್ದರು.

'ಕೆಂಪು ವೈರ್ ಇಲ್ಲಿಗ್ಯಾಕ ಹಚ್ಚಿದ್ರಿ?'

'ಕುಂಕುಮ ಇತ್ತಲ್ರಿ. ಕೆಂಪು ಅಂದ್ರ ಪ್ಲಸ್ ಅಂತ...'

'ಅಯ್ಯ ನಮ್ಮಕ್ಕೋರ!' ಎಂದು ಹಣೆಗೆ ಕೈ ಹಚ್ಚಿಕೊಂಡರು. 'ಬ್ಯಾರೆ ಗಾಡ್ಯಾಗ ಮೈನಸ್ ಗಾಡಿ ಮೈಗೆ, ತಗಡಿಗೆ ಕಟ್ಟಿರತೈತಿ. ಇದು ಹಳೀದು, ಇದರಾಗ ಪ್ಲಸ್ ಮೈಗೆ ಕಟ್ಯಾರ. ನಿಮ್ಮ ಮಾವನೋರು ಪ್ಲಸ್ ಮೈನಸ್ ನೋಡಿ ಹಚ್ಚಾವ್ರಲ್ರಿ. ಗಾಡಿನ ಹಿಡಕೊಂಡ ತುದಿಗೆ ದೇವರ ಭಂಡಾರ, ಕರೆಂಟ್ ಹರಿಯೋ ತುದಿಗೆ ಕುಂಕುಮ. ಕುಂಕುಮ ಅಂದ್ರ ಇಲ್ಲಿ ಮೈನಸ್ ಐತ್ರಿ.'

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. 'ನಿಮಗ ಹೇಳದ ತಂದದ್ದು ತಪ್ಪಾತ್ರಿ ಹುಸೇನಸಾಬ್ರ' ಅಂದೆ. 'ನಿಮ್ಮ ಮನಸಿಗೆ ಹತ್ತತೈತಿ ಅಂತ...'

ಅವರು ಸುಟ್ಟ ಡಬ್ಬಿಯನ್ನು ಬಿಚ್ಚುತ್ತ, ತಲೆ ಎತ್ತದೆ ಹೇಳಿದರು: 'ಈ ಕಿಟ್ ಬಂದದ್ದು ನನಗ ಹೋದ ವರ್ಷನ ಗೊತ್ರಿ. ಹಾಕಸ್ರಿ ಅಂತ ಹೇಳಬೇಕಂತ ಮಾಡಿದ್ನಿ. ಬಾಯಿ ಬರಲಿಲ್ಲ. ಹೇಳಿದ್ರ, ಹುಸೇನನ ಕೈ ಹೋತು ಅಂತ ನಾನ ಡಂಗುರ ಹೊಡದಂಗ ಆಗ್ತಿತ್ತು. ಪಾಪ, ಸಾಹೇಬ್ರು ಅವತ್ತ ಬಿಸಲಾಗ ಕಾಲ ಹಿಡಕೊಂಡು ಕುಂತಿದ್ರು. ಅದು ನನ್ನ ಸಲುವಾಗಿ.'

'ನನ್ನ ಸಲುವಾಗಿನೂ ಹೌದ್ರಿ' ಅಂದೆ.

ಇಬ್ಬರೂ ಒಬ್ಬರ ಮೋರೆ ಒಬ್ಬರು ನೋಡಲಿಲ್ಲ. ಪಡಸಾಲೆಯಿಂದ ಕೆಮ್ಮು ಕೇಳಿಸಿತು. ಎಂಟು ಗಂಟೆ ಆಗಿತ್ತು.

'ಬರ್ರಿ' ಎಂದು ಹುಸೇನಸಾಬರು ಲಗ್ನಪತ್ರಿಕೆಯ ತುಂಡನ್ನು ನನ್ನ ಕೈಗೆ ಕೊಟ್ಟರು. 'ಇವತ್ತ ನನ್ನ ಕಿವಿ, ನಿಮ್ಮ ಕೈ.' ಹಳೇ ಪಾಯಿಂಟನ್ನು ಹೇಗೆ ಕೂಡಿಸುವುದೆಂದು ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಇಂಜಿನ್ನನ್ನು ಹ್ಯಾಂಡಲಿನಿಂದ ಅವರು ತಿರುಗಿಸಿದರು. ಪಾಯಿಂಟ್ ಪೂರ್ತಿ ತೆರೆದುಕೊಂಡಾಗ, 'ಹಾಂ, ಈಗ ಪತ್ರಿಕಿ ಇಡ್ರಿ. ಸ್ಕ್ರೂ ಬಿಗೀರಿ. ಎಳದ್ರ ಬರಬೇಕು, ಬಿಟ್ರ ಬೀಳಬಾರ್ದು' ಅಂದರು. ಮೊದಲ ಸಲ ಬಿತ್ತು. ಎರಡನೆಯ ಸಲ ಎಳೆದರೂ ಬರಲಿಲ್ಲ. ಮೂರನೆಯ ಸಲ ನನ್ನ ಅರ್ಧ ಹೆಸರು ಆ ಎರಡು ಗುಂಡಿಗಳ ನಡುವೆ ಹಿಡಿದು ನಿಂತಿತು, ಎಳೆದರೆ ಮೆಲ್ಲಗೆ ಬಂತು. ಚಾವಿ ತಿರುಗಿಸಿದೆ. ಗಾಡಿ ಹತ್ತಿತು. ಹುಸೇನಸಾಬರು ಕಣ್ಣು ಮುಚ್ಚಿ ಸಪ್ಪಳ ಕೇಳಿದರು. 'ಡಿಸ್ಟ್ರಿಬ್ಯೂಟರ್ ಒಂದೀಟ ಎಡಕ್ಕ ತಿರವ್ರಿ... ಇನ್ನೊಂದೀಟ... ಸಾಕು. ಹೊಂಡ್ರಿ.'

ಅವರನ್ನೂ ಕೂಡಿಸಿಕೊಂಡೇ ಹೊರಟೆ. ದಾವಣಗೆರೆ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ ಕಮ್ಮಿ. ಮನಿಯವರನ್ನು ಒಳಗೆ ಒಯ್ದ ಮೇಲೆ ನಾವಿಬ್ಬರೂ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಚಹ ಕುಡಿದೆವು. ಹುಸೇನಸಾಬರು ಬಸಿಯಲ್ಲಿ ಚಹ ಹೊಯ್ದುಕೊಂಡರು. ಬಸಿ ನಡುಗಿ ಚಹ ಅಂಗಿಯ ಮೇಲೆ ಚೆಲ್ಲಿತು. ಈ ಸಲ ನಾನು ಮುಖ ತಿರುಗಿಸಲಿಲ್ಲ. ಸೆರಗಿನಿಂದ ಒರೆಸಿದೆ.

ಮುಂದಿನ ಭಾನುವಾರ ಹುಸೇನಸಾಬರೇ ಹಾವೇರಿಯಿಂದ ಇನ್ನೊಂದು ಕಿಟ್ ತಂದರು. ಮೊದಲು ಗಾಡಿಯ ದಿಕ್ಕನ್ನೇ ಬದಲಿಸಬೇಕಿತ್ತು. ಬ್ಯಾಟರಿ ತಿರುಗಿಸಿ ಮೈನಸ್ಸನ್ನು ಗಾಡಿಯ ಮೈಗೆ ಕಟ್ಟಿಸಿದರು. ಕಿಡಿಗೆ ಕರೆಂಟ್ ಕೊಡುವ ಕಾಯಿಲಿನ ತಂತಿ ಅದಲುಬದಲು ಮಾಡಿಸಿದರು, ಬ್ಯಾಟರಿ ಚಾರ್ಜ್ ಮಾಡುವ ಡೈನಮೊಗೆ ಒಂದು ಕ್ಷಣ ತಂತಿ ತಾಗಿಸಲು ಹೇಳಿ ಅದನ್ನೂ ಹೊಸ ದಾರಿಗೆ ಹಚ್ಚಿಸಿದರು. ಕಡೆಗೆ ಕಿಟ್. ಕೈ ಪೂರ್ತಿ ನನ್ನದೇ, ಅವರು ಬರೀ ಬೆರಳು ತೋರಿಸಿದರು. ಎಲ್ಲ ಮುಗಿದ ಮೇಲೆ ಬ್ಯಾಟರಿಯ ತುದಿಗಳನ್ನು ಒರೆಸಿ, ಗಾಡಿಯ ಮೈಗೆ ಕಟ್ಟಿದ ತುದಿಗೆ ಭಂಡಾರ, ಕರೆಂಟಿನ ತುದಿಗೆ ಕುಂಕುಮ ಹಚ್ಚಿದರು. 'ಈಗ ನಿಮ್ಮ ಪಾಠ, ನಿಮ್ಮ ಮಾವನೋರ ಪದ್ಧತಿ ಎರಡೂ ಕೂಡಿದ್ವು ನೋಡ್ರಿ' ಅಂದರು. ಬಿಚ್ಚಿದ ಪಾಯಿಂಟನ್ನು ಲಗ್ನಪತ್ರಿಕೆಯ ತುಂಡಿನೊಂದಿಗೆ ಬೆಂಕಿಪೊಟ್ಟಣದಲ್ಲಿ ಹಾಕಿ, 'ಇದು ನನ್ನ ಹಂತ್ಯಾಕ ಇರ್ಲಿ. ಎಲೆಕ್ಟ್ರಾನಿಕ್ ನಂಬಾಕ ಬರೂದಿಲ್ಲ' ಎಂದು ಕಿಸೆಗೆ ಇಳಿಸಿದರು.

ಗಾಡಿ ಆಮೇಲೆ ಒಂದು ದಿನವೂ ಕೈಕೊಡಲಿಲ್ಲ. ಮಾಘ ಹೋಯಿತು, ಯುಗಾದಿ ಹೋಯಿತು, ಪೇಟೆ ಇಳಿಯಿತು, ಘಾಟು ಹೋಗಿ ಮೊದಲ ಮಳೆಯ ಕೆಸರು ಬಂತು. ಒಂದೇ ಹೊಡೆತಕ್ಕೆ ಹತ್ತುತ್ತಿತ್ತು. ಸೋಮವಾರ, ಗುರುವಾರ ಒಂಬತ್ತರ ಸುಮಾರಿಗೆ ನಾವು ರಾಣೆಬೆನ್ನೂರು ದಾಟುವಾಗ ಹುಸೇನಸಾಬರು ಗ್ಯಾರೇಜಿನ ಮುಂದೆ ರಸ್ತೆಗೆ ಬಂದು ನಿಂತಿರುತ್ತಿದ್ದರು. ನಾನು ಗಾಡಿ ನಿಧಾನ ಮಾಡುತ್ತಿದ್ದೆ, ಅವರು ಸಪ್ಪಳ ಕೇಳಿ ಕೈ ಎತ್ತುತ್ತಿದ್ದರು. ಹಿಂದಿನ ಸೀಟಿನಿಂದ ಮನಿಯವರೂ ಕೈ ಎತ್ತುತ್ತಿದ್ದರು. ಬರಬರುತ್ತ ಅವರಿಗೆ ಕೈ ಎತ್ತಲಾಗುತ್ತಿರಲಿಲ್ಲ. 'ಹುಸೇನ ನಿಂತಾನೇನು?' ಎಂದು ಮಲಗಿದಲ್ಲಿಂದಲೇ ಕೇಳುತ್ತಿದ್ದರು. ನಿಂತಾರ್ರಿ ಅನ್ನುತ್ತಿದ್ದೆ.

ಆಷಾಢದ ಒಂದು ಶನಿವಾರ ಮಧ್ಯಾಹ್ನ, ಗುರುವಾರದ ಪಾಳಿ ಮುಗಿಸಿ ಬಂದ ಮೂರನೆಯ ದಿನ, ಮನಿಯವರು ಊಟಕ್ಕೆ ಕೂತಲ್ಲೇ ಹೋದರು. ಒಂದು ಪಾಳಿಯೂ ತಪ್ಪಿರಲಿಲ್ಲ, ಗಾಡಿ ಎಲ್ಲಿಯೂ ನಿಂತಿರಲಿಲ್ಲ. ಸಿಟ್ಟು ಮಾಡಬೇಕೆಂದರೆ ಯಾರ ಮೇಲೂ ಸಿಟ್ಟು ಮಾಡಲು ಬರುವಂತಿರಲಿಲ್ಲ ನನಗೆ. ಭಾನುವಾರ ಮಣ್ಣು ಮಾಡಿ ಬಂದರು. ಯಾರಿಗೆ ಹೇಳಿದೆ, ಯಾರಿಗೆ ಬಿಟ್ಟೆ ಎಂಬ ಎಚ್ಚರ ನನಗಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಅಂಗಳದಲ್ಲಿ ಬಾನೆಟ್ ಎತ್ತಿದ ಸಪ್ಪಳವಾಯಿತು. ಹೊರಗೆ ಬಂದೆ. ಹುಸೇನಸಾಬರು ತೊಯ್ದ ಅಂಗಿಯಲ್ಲಿ ಗಾಡಿಯ ಮುಂದೆ ನಿಂತಿದ್ದರು. ಒಂದು ಕೈ ಇಂಜಿನ್ನಿನ ಮೇಲೆ, ಇನ್ನೊಂದು ಕೈಯಲ್ಲಿ ಆ ಬೆಂಕಿಪೊಟ್ಟಣ. ನಡುಗುವ ಕೈಯಲ್ಲಿ ಅದರೊಳಗಿನ ಪಾಯಿಂಟ್ ಗಿಲಗಿಲ ಅನ್ನುತ್ತಿತ್ತು.

'ಸಪ್ಪಳ ಬರಲಿಲ್ಲ, ಅದಕ್ಕ ಬಸ್ ಹತ್ತಿ ಬಂದ್ನಿ ಅಕ್ಕೋರ. ಕಿಟ್ ಕೈಕೊಡ್ತೇನ್ರಿ? ಪಾಯಿಂಟ್ ತಂದೇನಿ, ಪತ್ರಿಕಿನೂ ಐತಿ. ಲಗೂನ ಕೂಡ್ರಸೋಣು, ಹನ್ನೆರಡಕ್ಕರೆ ಮುಟ್ಟತೀರಿ. ಡಾಕ್ಟರ್ ಕಾಲ ಬೇಕಾದ್ರ ನಾ ಹಿಡಕೋತೇನಿ.'

ಅಂಗಳಕ್ಕಿಳಿದು ಆ ಬೆಂಕಿಪೊಟ್ಟಣವನ್ನು ಕೈಗೆ ತೆಗೆದುಕೊಂಡೆ.

'ಗಾಡಿ ಚೊಲೋ ಐತ್ರಿ ಹುಸೇನಸಾಬ್ರ' ಅಂದೆ. 'ಗಾಡಿಗೆ ಏನೂ ಆಗಿಲ್ರಿ.'